ಚಿಕ್ಕ ತೊಟ್ಟಿಯ ದೊಡ್ಡ ಸುಳ್ಳು

ಹೊಸದಾಗಿ ಕಲಿಯುವವರಿಗೆ ಚಿಕ್ಕದೇ ಸರಿ ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಕಾನೂನು. ರಂಗೋಲಿ ಕಲಿಯುವ ಹುಡುಗಿಗೆ ಐದು ಚುಕ್ಕಿ, ಹೊಸ ಸೊಸೆಗೆ ಪಾವಕ್ಕಿ ಅನ್ನ, ಹೊಲಿಗೆ ಕಲಿಯುವವಳಿಗೆ ದಿಂಬಿನ ಚೀಲ. ಕೆಟ್ಟರೂ ನಷ್ಟ ಅಷ್ಟಕ್ಕಷ್ಟೆ, ಅದಕ್ಕೇ ಈ ಕಾನೂನು. ನಾನೂ ಒಪ್ಪುವವಳೇ. ಆದರೆ ಇದನ್ನೇ ಬಂಡವಾಳ ಮಾಡಿಕೊಂಡು, ಮೇಜಿನ ಮೇಲೆ ಕೂರುವ ಪುಟ್ಟ ಗಾಜಿನ ಪೆಟ್ಟಿಗೆಯೊಂದನ್ನು ಮುಂದಿಟ್ಟು, "ಮೊದಲನೇ ಸಲ ಅಲ್ವಾ ಮೇಡಂ, ಇಷ್ಟೇ ಸಾಕು, ಸುಲಭ" ಎನ್ನುತ್ತಾರಲ್ಲ ಬಣ್ಣದ ಮೀನಿನ ಅಂಗಡಿಯವರು, ಅವರ ಜೊತೆ ನನಗೆ ಜಗಳವಿದೆ. ಉಪ್ಪುನೀರಿನ ಅಕ್ವೇರಿಯಂ ವಿಷಯದಲ್ಲಿ ಈ ಮಾತು ಪೂರ್ತಿ ತಲೆಕೆಳಗು. ಅಲ್ಲಿ ಚಿಕ್ಕದೇ ಕಷ್ಟ. ದೊಡ್ಡದು, ಹೋಲಿಸಿದರೆ, ಸುಲಭ.

ಹಾರನಹಳ್ಳಿಯಲ್ಲಿ ಕೂತು ಸಮುದ್ರದ ಮೀನಿನ ಮಾತು ಯಾಕೆ ಎಂದು ನೀವು ಕೇಳಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಕಡೆ ನೀರು ಎಂದರೆ ಕೆರೆ, ಬೋರ್‌ವೆಲ್, ನಾಲೆ. ದೂರಕ್ಕೆ ಹೋದರೆ ಕಾವೇರಿ. ಕಡಲು ನೋಡಬೇಕೆಂದರೆ ಮಡಿಕೇರಿ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು ಸೇರಬೇಕು. ಆದರೇನು, ಆಸೆಗೆ ದೂರವಿಲ್ಲ. ಧರ್ಮಸ್ಥಳಕ್ಕೆ ಹೋದವರು ಮಂಗಳೂರಿಗೂ ಹೋಗಿ, ಕಾಲು ನೆನೆಸಿಕೊಂಡು, ಚಿಪ್ಪು ಆರಿಸಿಕೊಂಡು ಬರುವುದಿಲ್ಲವೆ? ಆ ಚಿಪ್ಪಿನ ಪಕ್ಕದಲ್ಲೇ ಒಂದು ಹಿಡಿ ಸಮುದ್ರ ಜೀವಂತವಾಗಿ ಇದ್ದರೆ ಎಂಬ ಆಸೆ ತಪ್ಪಲ್ಲ. ಅಂಗಡಿಯವರು ಮಾರುತ್ತಿರುವುದೂ ಆ ಆಸೆಯನ್ನೇ. 2003ರಲ್ಲಿ 'ಫೈಂಡಿಂಗ್ ನೀಮೋ' ಚಿತ್ರ ಬಂದ ಮೇಲೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಆ ಕ್ಲೌನ್ ಮೀನನ್ನು ಗುರುತಿಸದ ಮಗುವೇ ಇಲ್ಲ. ಮಕ್ಕಳು ಕೇಳುತ್ತಾರೆ, ಅಪ್ಪ ತರುತ್ತಾನೆ, ಅಮ್ಮ ನೋಡಿಕೊಳ್ಳುತ್ತಾಳೆ. ಈ ಮೂರನೆಯ ಭಾಗ ಅಂಗಡಿಯ ಬಿಲ್ಲಿನಲ್ಲಿ ಎಲ್ಲೂ ನಮೂದಾಗುವುದಿಲ್ಲ.

ಚಿಕ್ಕದು ಯಾಕೆ ಕಷ್ಟ ಎಂಬುದಕ್ಕೆ ದೊಡ್ಡ ವಿಜ್ಞಾನ ಬೇಡ, ಅಡುಗೆಮನೆಯ ಲೆಕ್ಕ ಸಾಕು. ಒಂದು ಹಂಡೆ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚಾದರೆ ಯಾರ ನಾಲಿಗೆಗೂ ಗೊತ್ತಾಗುವುದಿಲ್ಲ. ಒಂದು ಬಟ್ಟಲು ಸಾರಿಗೆ ಅದೇ ಚಮಚ ಬಿದ್ದರೆ ಚೆಲ್ಲಬೇಕು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಹತ್ತು ಲೀಟರಿನ ತೊಟ್ಟಿಯೆಂದರೆ 350 ಗ್ರಾಂ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಬೇಸಿಗೆಯಲ್ಲಿ ಫ್ಯಾನಿನ ಗಾಳಿಗೆ ಒಂದು ಲೀಟರು ಆರಿಹೋಯಿತೆನ್ನಿ, ಉಳಿದ ಒಂಬತ್ತು ಲೀಟರಿನಲ್ಲಿ ಅದೇ 350 ಗ್ರಾಂ ಕೂತಿರುತ್ತದೆ. ಲೀಟರಿಗೆ 39 ಗ್ರಾಂ ಹತ್ತಿರ. ತೊಟ್ಟಿಯ ಆಳ ಕಡಿಮೆಯಿದ್ದಷ್ಟೂ ಈ ಏರಿಕೆ ಬೇಗ. ಒಂದು ಮದುವೆಗೆಂದು ನಾಲ್ಕು ದಿನ ಊರಿಗೆ ಹೋಗಿ ಬರುವುದರೊಳಗೆ ಮೀನು ಬೇರೆಯದೇ ಸಮುದ್ರದಲ್ಲಿ ಇರುತ್ತದೆ. ಗಾಬರಿಯಾಗಿ ಉಪ್ಪುನೀರನ್ನೇ ಸುರಿದರೆ ಉಪ್ಪು ಇನ್ನೂ ಏರುತ್ತದೆ. ಆರಿಹೋದದ್ದಕ್ಕೆ ಸಿಹಿನೀರನ್ನೇ ಸೇರಿಸಬೇಕು, ಅದೂ ದಿನಾ, ಸ್ವಲ್ಪಸ್ವಲ್ಪ.

ಉಪ್ಪಿಗಿಂತ ಕೆಟ್ಟದ್ದು ಕೊಳೆ. ಒಂದು ಚಿಟಿಕೆ ತಿಂಡಿ ಹೆಚ್ಚು ಬಿದ್ದು ತಳದಲ್ಲಿ ಕೊಳೆತರೆ, ಅಥವಾ ಕಲ್ಲಿನ ಹಿಂದೆ ಹೆಬ್ಬೆರಳುದ್ದದ ಒಂದು ಮೀನು ಸತ್ತು ಯಾರಿಗೂ ಕಾಣದೆ ಉಳಿದರೆ, ಅದರಿಂದ ಏಳುವ ಅಮೋನಿಯಾ ನೂರು ಲೀಟರಿನಲ್ಲಿ ಹಂಚಿಹೋಗುವುದಕ್ಕೂ ಹತ್ತು ಲೀಟರಿನಲ್ಲಿ ಹಂಚಿಹೋಗುವುದಕ್ಕೂ ಹತ್ತು ಪಟ್ಟು ವ್ಯತ್ಯಾಸ. ಬಿಸಿಲು ಹತ್ತಿದರೆ ಚಿಕ್ಕ ತೊಟ್ಟಿ ಬೇಗ ಕಾಯುತ್ತದೆ, ಡಿಸೆಂಬರಿನ ರಾತ್ರಿ ಬೇಗ ತಣಿಯುತ್ತದೆ. ಆ ಮೀನಿಗೆ ಬೇಕಾದದ್ದು 25ರಿಂದ 27 ಡಿಗ್ರಿ, ಹಗಲೂ ರಾತ್ರಿ. ನಮ್ಮ ಕಡೆ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಥರ್ಮಾಮೀಟರ್ ನೋಡುತ್ತ ನಿದ್ದೆಗೆಟ್ಟ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರಾದರೂ ಸೊಪ್ಪು ಬೆಂದ ಮೇಲೆ ಮಲಗುತ್ತಾರೆ.

ಹಾಗಾದರೆ ಅಂಗಡಿಯವರು ಚಿಕ್ಕದನ್ನೇ ಯಾಕೆ ತೋರಿಸುತ್ತಾರೆ? ಚಿಕ್ಕದು ಒಂದೇ ಕೈಯಲ್ಲಿ ಹಿಡಿದುಕೊಂಡು ಹೋಗುವಂಥದ್ದು, ಬೆಲೆ ಕೇಳಿ ಯಾರೂ ಹಿಂದೆಗೆಯುವುದಿಲ್ಲ, ಮತ್ತು ಅದರಲ್ಲಿ ಮೀನು ಬೇಗ ಸಾಯುತ್ತದೆ. ಸತ್ತರೆ ಮತ್ತೆ ಅಂಗಡಿಗೇ ಬರಬೇಕಲ್ಲ.

ಇದು ಕೊಂಕು ಎನಿಸಿದರೆ ನಮ್ಮ ಬೀದಿಯ ಅತ್ತಿಗೆಯ ಮನೆಯ ಕಥೆ ಕೇಳಿ. ಅತ್ತಿಗೆಯೆಂದರೆ ನಂಟಸ್ತನವಲ್ಲ, ಬಳಕೆ. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. 2020ರಲ್ಲಿ ಮನೆಯಿಂದಲೇ ಕೆಲಸ ಎಂದಾದಾಗ, ಕಂಪ್ಯೂಟರಿನ ಪಕ್ಕದಲ್ಲಿ ಕಣ್ಣಿಗೆ ತಂಪಾಗಿರಲಿ ಎಂದು ಹನ್ನೆರಡು ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡ. 2022ರಲ್ಲಿ ಆಫೀಸಿಗೆ ಬನ್ನಿ ಎಂಬ ಕರೆ ಬಂತು. ತೊಟ್ಟಿಯನ್ನು ಏನು ಮಾಡುವುದು? ಒಳ್ಳೆಯ ಮಗ, ಅಮ್ಮನಿಗೆ ಕೊಟ್ಟ. ಮರಳು, ಕಲ್ಲು, ಫಿಲ್ಟರು ಎಲ್ಲವನ್ನೂ ನಲ್ಲಿ ನೀರಿನಲ್ಲಿ ಥಳಥಳ ತೊಳೆದು, ಬಿಸಿಲಿಗೆ ಒಣಗಿಸಿ, ಕಾರಿನಲ್ಲಿ ತಂದು, ಒಂದು ಭಾನುವಾರ ಹೊಸ ನೀರು ತುಂಬಿ, ಅದೇ ಸಂಜೆ ಮೂರು ಹೊಸ ಮೀನು ಬಿಟ್ಟು, ರಾತ್ರಿ ಬಸ್ಸಿಗೆ ಹೊರಟುಹೋದ. ಎರಡು ಕ್ಲೌನ್, ಒಂದು ನೀಲಿಯದು.

ನೀಲಿಯದು ಮೂರನೇ ದಿನ ಹೋಯಿತು. ಕ್ಲೌನ್ ಒಂದು ಒಂಬತ್ತನೇ ದಿನ. ಉಳಿದೊಂದು ಎರಡು ತಿಂಗಳು ಒಂಟಿಯಾಗಿ ಇತ್ತು. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಹೋಗಲಿ ಬಿಡಿ, ಮನೆಗೆ ಬರಬೇಕಾದ ದೃಷ್ಟಿ ಮೀನಿಗೆ ಹೋಯ್ತು." ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ? ಸತ್ತದ್ದೂ ಲಾಭದ ಬಾಬ್ತಿಗೆ ಹೋಯಿತು. ಈಶಾನ್ಯದಲ್ಲಿ ಇಟ್ಟಿಲ್ಲ ಎಂದವರೂ ಇದ್ದರು. ಆ ಮೀನನ್ನು ಕೊಂದದ್ದು ದಿಕ್ಕೂ ಅಲ್ಲ, ದೃಷ್ಟಿಯೂ ಅಲ್ಲ, ಅಮೋನಿಯಾ. ಅತ್ತಿಗೆ ಮಾತ್ರ ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ನನ್ನ ಕೈಗುಣವೇ ಸರಿಯಿಲ್ಲ ಕಣಮ್ಮ." ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ನಲವತ್ತು ವರ್ಷ ದನ, ಕರು, ಕೋಳಿ, ಮೂವರು ಮಕ್ಕಳನ್ನು ಸಾಕಿದ ಕೈಯದು.

ಅವರಿಗೆ ಯಾರೂ ಹೇಳದೇ ಇದ್ದದ್ದು ಹೆಪ್ಪಿನ ವಿಷಯ. ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು, ಹೊತ್ತೂ ಬೇಕು. ಹೆಪ್ಪು ಹಾಕಿದ ಕೂಡಲೇ ಕಡೆಗೋಲು ಇಳಿಸುವವರುಂಟೆ? ತೊಟ್ಟಿಯ ನೀರೂ ಹಾಗೆಯೇ. ಮೀನಿನ ಮಲಮೂತ್ರದಿಂದ, ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು ಬಗೆ, ಆ ನೈಟ್ರೈಟನ್ನು ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು ಬಗೆ. ಇವೆರಡೂ ಕಲ್ಲು, ಮರಳು, ಫಿಲ್ಟರಿನ ಸ್ಪಂಜಿನ ಮೇಲೆ ಮನೆ ಮಾಡಿಕೊಂಡು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ತೊಟ್ಟಿಯಲ್ಲಿ ಮೀನಿರಬಾರದು. ದಿನಕ್ಕೊಂದು ಚಿಟಿಕೆ ತಿಂಡಿಯನ್ನೋ ಒಂದು ಹಸಿ ಸೀಗಡಿಯ ತುಂಡನ್ನೋ ಕೊಳೆಯಲು ಬಿಟ್ಟು, ಪರೀಕ್ಷೆಯ ಕಿಟ್ಟಿನಲ್ಲಿ ನೋಡುತ್ತಿರಬೇಕು. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಮೊದಲ ಮೀನು. ಅತ್ತಿಗೆಯ ಮಗ ಥಳಥಳ ತೊಳೆದನಲ್ಲ, ತೊಳೆದು ಚೆಲ್ಲಿದ್ದು ಎರಡು ವರ್ಷದ ಹೆಪ್ಪನ್ನು. ನಲ್ಲಿ ನೀರಿನ ಕ್ಲೋರಿನ್ನೂ ಬಿಸಿಲೂ ಸೇರಿ ಒಂದನ್ನೂ ಉಳಿಸಿರಲಿಲ್ಲ. ಮಡಿ ಹೆಚ್ಚಾದರೂ ಕಷ್ಟವೇ.

ಮೈಸೂರಿನಲ್ಲಿ ಒಂದು ಅಂಗಡಿಗೆ ನಾನೇ ಹೋಗಿ ಕೇಳಿದೆ, "ಆರು ವಾರ ಕಾಯಬೇಕು ಅಂತ ಯಾಕಪ್ಪ ಹೇಳೋಲ್ಲ?" ಹುಡುಗ ನಕ್ಕ. "ಹೇಳಿದ್ರೆ ಯಾರು ಆಂಟಿ ತಗೋತಾರೆ?" ಅವನ ಪ್ರಾಮಾಣಿಕತೆಗೆ ಮೆಚ್ಚಿದೆ, ಬರಿಗೈಯಲ್ಲಿ ಬಂದೆ.

ಉಪ್ಪಿನ ವಿಷಯಕ್ಕೆ ಇನ್ನೊಂದು ಮಾತು, ಯಾಕೆಂದರೆ ಹೆಂಗಸರು ನನ್ನನ್ನು ಹೆಚ್ಚು ಕೇಳುವ ಪ್ರಶ್ನೆ ಇದು: ಮನೆಯ ಕಲ್ಲುಪ್ಪು ಹಾಕಿದರೆ ಆಗೋಲ್ವೆ? ಆಗೋಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳಿವೆ. ಗದ್ದೆಯಲ್ಲಿ ಕಡಲ ನೀರು ಬತ್ತುತ್ತ ಬಂದಂತೆ ಸುಣ್ಣದ ಅಂಶ ಮೊದಲೇ ತಳ ಸೇರುತ್ತದೆ, ಆಮೇಲೆ ಅಡುಗೆಯ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಷಿಯಂ ತುಂಬಿದ ಕಹಿ ನೀರು ಕೊನೆಗೆ ಉಳಿಯುತ್ತದೆ. ನಾವು ಬಾಚಿಕೊಳ್ಳುವುದು ನಡುವಿನದನ್ನು ಮಾತ್ರ. ಸಮುದ್ರದ ಜೀವಿಗೆ ಆ ಮೊದಲಿನದೂ ಕೊನೆಯದೂ ಬೇಕು. ಅದಕ್ಕೇ ಅಕ್ವೇರಿಯಂಗೆಂದೇ ಕೂಡಿಸಿದ ಸಮುದ್ರ ಲವಣ ಬೇರೆ ಸಿಗುತ್ತದೆ. ಅದು ಅಡುಗೆ ಉಪ್ಪಿನ ಬೆಲೆಯಲ್ಲಿ ಸಿಗುವುದಿಲ್ಲ. ಮಂಗಳೂರಿನಿಂದ ಎರಡು ಕ್ಯಾನು ನೀರನ್ನೇ ತಂದರೆ ಎಂದೂ ಕೇಳುತ್ತಾರೆ. ದಡದ ನೀರಿನಲ್ಲಿ ದೋಣಿಯ ಎಣ್ಣೆ, ಊರಿನ ಕೊಳೆ, ಮಳೆಗಾಲದಲ್ಲಿ ನೇತ್ರಾವತಿ ತಂದ ಕೆಂಪು ಸಿಹಿನೀರು, ಎಲ್ಲವೂ ಸೇರಿರುತ್ತವೆ. ಬೇಡ. ಲವಣ ಕಲಸಲು ನಮ್ಮ ಬೋರ್‌ವೆಲ್ಲಿನ ಗಡಸು ನೀರೂ ಬೇಡ. ಆರ್‌ಓ ನೀರು ಆಗುತ್ತದೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಘಟಕ ಈಗ ಎಷ್ಟೋ ಊರುಗಳಲ್ಲಿದೆ. ಆ ಕ್ಯಾನನ್ನು ಹೊತ್ತು ತರುವವರು ಯಾರು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ವಾರಕ್ಕೊಮ್ಮೆ ತೊಟ್ಟಿಯ ಹತ್ತನೇ ಒಂದು ಭಾಗದಷ್ಟಾದರೂ ನೀರು ಬದಲಾಗಬೇಕು. ತೆಗೆದ ನೀರನ್ನು ದಾಸವಾಳಕ್ಕೆ ಸುರಿಯುವಂತಿಲ್ಲ. ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿ ಉಂಟಲ್ಲ ಎಂದರೆ, ಅದು ಎಂದೋ ಒಮ್ಮೆ. ವಾರವಾರ ಸುರಿದರೆ ಮಣ್ಣೇ ಕೆಡುತ್ತದೆ.

ಕರೆಂಟಿನದು ಬೇರೆಯೇ ಪುರಾಣ. ಪಂಪು ನಿಂತರೆ ನೀರಿನ ಚಲನೆ ನಿಲ್ಲುತ್ತದೆ, ನೀರಿಗೆ ಗಾಳಿ ಸೇರುವುದು ಕಡಿಮೆಯಾಗುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಕಾದಷ್ಟೂ ಇನ್ನೂ ಕಡಿಮೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ರಾತ್ರಿಯಿಡೀ ಕತ್ತಲಾಗುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಇಲ್ಲದೆ ಈ ಸಹವಾಸ ಬೇಡ.

ಇಷ್ಟೆಲ್ಲ ಆದ ಮೇಲೂ ತೊಟ್ಟಿಗೆ ಏನು ಬಿಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ, ನನ್ನ ಜಗಳದ ಮುಖ್ಯ ಭಾಗ ಅದೇ. ಸಿಹಿನೀರಿನ ಬಣ್ಣದ ಮೀನುಗಳು ಹೆಚ್ಚಾಗಿ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಸಮುದ್ರದ ಮೀನುಗಳಲ್ಲಿ ಬಹುಪಾಲು ಇಂದಿಗೂ ಕಡಲಿನಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡೆ ಹವಳದ ಬಂಡೆಯ ಸಂದಿಗೆ ಸಯನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಪದ್ಧತಿ ದಶಕಗಳಿಂದ ಇದೆ; ಮೀನು ಬದುಕಿದರೂ ಹವಳ ಸಾಯುತ್ತದೆ. ಅತ್ತಿಗೆಯ ಮನೆಗೆ ಬಂದ ನೀಲಿ ಮೀನು ನೀಮೋ ಚಿತ್ರದ ಡೋರಿಯ ಜಾತಿಯದು. ತೊಟ್ಟಿಯಲ್ಲಿ ಆ ಜಾತಿಯ ಮರಿ ಮಾಡಿಸುವುದು ಸಾಧ್ಯವಾದದ್ದೇ 2016ರಲ್ಲಿ, ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದವರಿಂದ. ಬೆಳೆದರೆ ಅದು ಒಂದು ಅಡಿಯವರೆಗೆ ಉದ್ದವಾಗುತ್ತದೆ, ನೂರಾರು ಲೀಟರು ನೀರಿನಲ್ಲಿ ಓಡಾಡಬೇಕಾದ ಪ್ರಾಣಿ. ಅದನ್ನು ಹನ್ನೆರಡು ಲೀಟರಿಗೆ ಮಾರಿದವನಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಇನ್ನು ಹವಳ. "ಅಂದಕ್ಕೆ ಒಂದು ತುಂಡು ಹಾಕಿಕೊಡ್ತೀನಿ" ಎನ್ನುವವರಿದ್ದಾರೆ. ಬಂಡೆ ಕಟ್ಟುವ ಹವಳಗಳನ್ನೂ ಕಡಲ್ಗುದುರೆಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಗೆ ಸೇರಿಸಲಾಗಿದೆ. ಹುಲಿಯೂ ಇರುವುದು ಅದೇ ಪಟ್ಟಿಯಲ್ಲಿ. (ನಮ್ಮ ಅಜ್ಜಿಯರ ಸರದ ಕೆಂಪು ಹವಳ ಬೇರೆ ಜಾತಿ, ಮೆಡಿಟರೇನಿಯನ್ ಕಡಲಿನದು, ಗಾಬರಿ ಬೇಡ.) ನಮ್ಮ ರಾಜ್ಯದಲ್ಲೇ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ, ಅದನ್ನು ನೋಡಲೆಂದೇ ಜನ ನೀರಿಗೆ ಧುಮುಕುತ್ತಾರೆ. ಅದು ಅಲ್ಲೇ ಇರಲಿ. ಮನೆಯ ತೊಟ್ಟಿಗೆ ಅಂಗಡಿಯ ಸೆರಾಮಿಕ್ ಕಲ್ಲು ಸಾಕು, ಬ್ಯಾಕ್ಟೀರಿಯಾಕ್ಕೆ ಕಲ್ಲಿನ ಕುಲಗೋತ್ರ ಬೇಕಿಲ್ಲ.

ಹಾಗೆಂದು ಎಲ್ಲವೂ ಕಳ್ಳದಾರಿಯಲ್ಲ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವುದು ಈಗ ಹಳೆಯ ವಿದ್ಯೆ. ಕೇಂದ್ರ ಸರ್ಕಾರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ, ಕೇರಳದ ವಿಳಿಞ್ಞಂನಲ್ಲಿ ಇದನ್ನು ಮಾಡಿ ತೋರಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಮೀನಿನ ತಳಿ ಸಂಪನ್ಮೂಲದ ರಾಷ್ಟ್ರೀಯ ಸಂಸ್ಥೆಯವರ ತರಬೇತಿ ಪಡೆದು ಅಲಂಕಾರದ ಸೀಗಡಿ ಸಾಕುತ್ತಿರುವವರು ದ್ವೀಪದ ಹೆಂಗಸರು. ತೊಟ್ಟಿಯಲ್ಲಿ ಹುಟ್ಟಿದ ಮೀನು ತೊಟ್ಟಿಯ ತಿಂಡಿಗೆ ಒಗ್ಗಿರುತ್ತದೆ, ಗಟ್ಟಿಯೂ ಇರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುವುದು ವಿಶೇಷವಲ್ಲ, ಇಪ್ಪತ್ತು ದಾಟಿದವೂ ಇವೆ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಯಜಮಾನಿಕೆಯೂ ಅವಳದೇ. ಅವಳು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಲೆಕ್ಕದ ಪ್ರಕಾರ ನೀಮೋನ ಅಪ್ಪ ಆ ಸಿನಿಮಾದ ಅರ್ಧಕ್ಕೆ ಅಮ್ಮನಾಗಬೇಕಿತ್ತು. ಚಿತ್ರ ತೆಗೆದವರಿಗೆ ಧೈರ್ಯ ಸಾಲಲಿಲ್ಲ.

ನನ್ನ ಮಾತು ಕೇಳಿದ ಒಬ್ಬ ಹಿರಿಯರು, "ಒಟ್ಟಿನಲ್ಲಿ ಹಳ್ಳಿ ಹೆಂಗಸರಿಗೆ ಇದೆಲ್ಲ ಯಾಕೆ ಅಂತೀಯ, ಸರಿಯಾಗಿ ಹೇಳಿದೆ" ಎಂದು ಬೆನ್ನು ತಟ್ಟಲು ಬಂದರು. ನಾನು ಹೇಳಿದ್ದು ಅದಲ್ಲ. ನಮಗೆ ಬೇಡವೆಂದು ನಮ್ಮ ಪರವಾಗಿ ತೀರ್ಮಾನಿಸುವವರೂ, ನಮಗೆ ಚಿಕ್ಕದೇ ಸಾಕೆಂದು ತೀರ್ಮಾನಿಸುವವರೂ ಒಂದೇ ಗಾಡಿಯ ಎರಡು ಎತ್ತು. ಗಂಡಸು ಎಂಜಿನ್ನು ಬಿಚ್ಚಿ ಕೂತರೆ ಹವ್ಯಾಸ, ಹೆಂಗಸು ನೀರಿನ ಲವಣ ಅಳೆದರೆ ಉಸಾಬರಿ! ಬಯಸುವವಳು ಬಯಸಲಿ, ತಿಳಿದು ಬಯಸಲಿ. ಆದರೆ ಮಗನ ಹವ್ಯಾಸ ತಾಯಿಯ ಪಾಲಿನ ಚಾಕರಿಯಾಗಿ ಬಂದಾಗ "ಬೇಡ" ಎನ್ನುವ ಸ್ವಾತಂತ್ರ್ಯವೂ ಅವಳಿಗಿರಲಿ. ಅತ್ತಿಗೆ ಈಚೆಗೆ ಅಂದಿದ್ದಾರೆ. ಎರಡನೆಯ ಸಲ ಮೀನು ತರುತ್ತೇನೆ ಎಂದ ಮಗನಿಗೆ, "ಭಾನುವಾರ ಭಾನುವಾರ ಬಂದು ನೀನೇ ನೀರು ಬದಲಾಯಿಸೋದಾದ್ರೆ ತಾ" ಎಂದರಂತೆ. ಅವನು ಇನ್ನೂ ತಂದಿಲ್ಲ.

ಕೊಳ್ಳಲೇಬೇಕು ಎನ್ನುವವರು ಎಪ್ಪತ್ತೈದು ಲೀಟರಿಗೆ ಕಡಿಮೆಯಿಲ್ಲದ್ದನ್ನು ನೋಡಿ, ನೂರಾದರೆ ಇನ್ನೂ ಒಳ್ಳೆಯದು. ಅಷ್ಟು ನೀರೆಂದರೆ ಒಂದು ಮೂಟೆ ಅಕ್ಕಿಗಿಂತ ಹೆಚ್ಚಿನ ಭಾರ. ಓದುವ ಮೇಜು ತಡೆಯುವುದಿಲ್ಲ, ಗಟ್ಟಿ ಕಾಲಿನ ಸ್ಟ್ಯಾಂಡ್ ಮಾಡಿಸಿ, ಬಿಸಿಲು ಬೀಳದ ಗೋಡೆಗೆ ಇಡಿ. ಲವಣ ಅಳೆಯಲು ರಿಫ್ರಾಕ್ಟೋಮೀಟರ್, ಅಮೋನಿಯಾ ನೋಡುವ ಕಿಟ್ಟು, ಹೀಟರು. ಬಣ್ಣದ ದೀಪಕ್ಕಿಂತ ಮೊದಲು ಇವಕ್ಕೆ ದುಡ್ಡು ತೆಗೆದಿಡಿ. ಆರು ವಾರದ ಮೇಲೆ ತೊಟ್ಟಿಯಲ್ಲೇ ಹುಟ್ಟಿದ ಒಂದು ಜೊತೆ ಕ್ಲೌನ್, ಪಾಚಿ ಮೇಯಲು ನಾಲ್ಕೈದು ಬಸವನಹುಳು, ಒಂದು ವರ್ಷದವರೆಗೆ ಇನ್ನೇನೂ ಬೇಡ. ಜಾಗವೂ ದುಡ್ಡೂ ಹತ್ತು ಲೀಟರಿಗಷ್ಟೇ ಇದ್ದರೆ ಅದರಲ್ಲಿ ಸಿಹಿನೀರು ತುಂಬಿ, ನೀರುಗಿಡ ನೆಟ್ಟು, ಪುಟ್ಟ ಸೀಗಡಿ ಬಿಡಿ. ಅದೂ ನೋಡಲು ಚೆಂದವೇ. ಅಂಗಡಿಗೆ ಹೋದಾಗ ಹೊಸ ಪೆಟ್ಟಿಗೆ ನೋಡಬೇಡಿ. ಅದೇ ಅಳತೆಯ ತೊಟ್ಟಿಯಲ್ಲಿ ಒಂದು ವರ್ಷದಿಂದ ಇರುವ ಮೀನೊಂದನ್ನು ತೋರಿಸಿ ಎಂದು ಕೇಳಿ. ತೋರಿಸಿದರೆ ಕೂತು ಮಾತಾಡಿ. ತೋರಿಸದಿದ್ದರೆ ಪಿರಿಯಾಪಟ್ಟಣದ ಬಸ್ಸು ಸಂಜೆಯವರೆಗೂ ಇರುತ್ತದೆ.